ಕಥೆಗಾರರನ್ನು ಕಾಣಬೇಕೆ? ಘಟಪ್ರಭಾದಲ್ಲಿ ಇಳಿಯಿರಿ

ಮೆಚ್ಚಿನ ಕಥೆಯನ್ನು ಓದಿ ಮುಗಿಸಿದ ಮಗು ಪುಸ್ತಕದ ಬೆನ್ನು ತಿರುವಿ, ಲೇಖಕರ ಭಾವಚಿತ್ರ ನೋಡಿ ಕೇಳುತ್ತದೆ: 'ಅಪ್ಪಾ, ಇವರ ಊರು ಯಾವುದು? ನಾವು ಹೋಗಿ ಮಾತಾಡಿಸಬಹುದಾ?' ಬಹಳಷ್ಟು ಮನೆಗಳಲ್ಲಿ ಇದಕ್ಕೆ ಸಿಗುವ ಉತ್ತರ ಒಂದೇ: 'ಮೊದಲು ಅಭ್ಯಾಸ ಮುಗಿಸು.'

ಲಂಡನ್ನಿನ ಕಿಂಗ್ಸ್ ಕ್ರಾಸ್ ರೈಲು ನಿಲ್ದಾಣದಲ್ಲಿ ಒಂಬತ್ತು ಮುಕ್ಕಾಲನೇ ಪ್ಲಾಟ್‌ಫಾರ್ಮಿನ ಫಲಕವಿದೆ. ಹ್ಯಾರಿ ಪಾಟರ್ ಓದಿದ ಮಕ್ಕಳು ಅದರ ಮುಂದೆ ಸಾಲುಗಟ್ಟಿ ನಿಲ್ಲುತ್ತಾರೆ. ಮಾಯಾಲೋಕದ ಕಡೆಗೆ ನಮ್ಮಲ್ಲೂ ಒಂದು ರೈಲುದಾರಿ ಇದೆ ಎಂಬುದು ನಮ್ಮ ಮಕ್ಕಳಿಗೆ ಗೊತ್ತೆ? ಮಿರಜ್‌ನಿಂದ ಬೆಳಗಾವಿಗೆ ಹೋಗುವ ಗಾಡಿ ಹತ್ತಿರಿ. ಶೇಡಬಾಳ, ಉಗಾರ, ಕುಡಚಿ, ಚಿಂಚಲಿ, ರಾಯಬಾಗ, ಚಿಕ್ಕೋಡಿ ರೋಡ್ ದಾಟಿದ ಮೇಲೆ ಬರುವುದು ಘಟಪ್ರಭಾ. ಆ ನದಿಯ ಸೀಮೆಯಲ್ಲೇ ಇದೆ ಹುಕ್ಕೇರಿ ತಾಲ್ಲೂಕಿನ ಘೋಡಗೇರಿ. 1937ರ ಜನವರಿ 2ರಂದು ಚಂದ್ರಶೇಖರ ಕಂಬಾರರು ಹುಟ್ಟಿದ ಊರು ಇದು.

'ಆಲಿಬಾಬ', 'ಪುಷ್ಪರಾಣಿ'ಯಂಥ ಮಕ್ಕಳ ನಾಟಕಗಳನ್ನು ಬರೆದವರು ಇವರೇ. ಅರಬ್ಬರ ನಾಡಿನ ಆಲಿಬಾಬ ಇವರ ಕೈಗೆ ಸಿಕ್ಕಮೇಲೆ ಕನ್ನಡದ ಮಕ್ಕಳ ನಡುವೆ ಕುಣಿಯತೊಡಗಿದ. ದೊಡ್ಡವರಿಗಾಗಿ ಬರೆದ ಕಥನಗಳಲ್ಲೂ ಶಿವಾಪುರವೆಂಬ ಕಲ್ಪನೆಯ ಊರು ಮತ್ತೆ ಮತ್ತೆ ಬರುತ್ತದೆ. ನಾಗ, ಯಕ್ಷಿ, ಮಾಯದ ಕುದುರೆಗಳಿಗೆ ಅಲ್ಲಿ ಮನುಷ್ಯರಷ್ಟೇ ಜಾಗವಿದೆ.

ಹೆಸರೇ ಹೇಳುವಂತೆ ಕಂಬಾರರದು ಕಮ್ಮಾರಿಕೆಯ ಮನೆತನ. ಬಡತನದಿಂದ ಓದು ನಿಲ್ಲುವ ಹೊತ್ತು ಬಂದಾಗ ಕೈ ಹಿಡಿದವರು ಸಾವಳಗಿ ಮಠದ ಸ್ವಾಮೀಜಿ. ಆ ಹುಡುಗ ಮುಂದೆ ಉತ್ತರ ಕರ್ನಾಟಕದ ಜನಪದ ರಂಗಭೂಮಿಯ ಮೇಲೆ ಸಂಶೋಧನೆ ಮಾಡಿದ. ಷಿಕಾಗೋದಲ್ಲಿ ಪಾಠ ಹೇಳಿದ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದ. 2010ನೇ ಸಾಲಿನ ಜ್ಞಾನಪೀಠ ಪ್ರಶಸ್ತಿಯನ್ನು ತಂದು, ಕನ್ನಡಕ್ಕೆ ಎಂಟನೆಯ ಜ್ಞಾನಪೀಠ ಗಳಿಸಿಕೊಟ್ಟ.

ಪ್ರಶಸ್ತಿಗಳಿಗಿಂತ ನಮ್ಮ ಮಕ್ಕಳಿಗೆ ಮುಖ್ಯವಾದದ್ದು ಇನ್ನೊಂದಿದೆ. ಅಥಣಿಯ ಹುಡುಗ ಕಾಲೇಜಿಗೆಂದು ದೂರದ ಶಹರಕ್ಕೆ ಹೋದರೆ ಅವನ 'ಹೌದ್ರಿ', 'ಬರ್ತೇನ್ರಿ' ಕೇಳಿ ಅಲ್ಲಿಯವರು ನಗುವುದುಂಟು. ನಿಪ್ಪಾಣಿಯ ಮಗು ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಆಡುತ್ತಾ ಯಾವುದು ತನ್ನದೆಂದು ತಿಳಿಯದೆ ಸುಮ್ಮನಾಗುವುದೂ ಉಂಟು. ಈ ಸೀಮೆಯ ಆಡುಮಾತು ಅಚ್ಚಿಗೂ ರಂಗಕ್ಕೂ ಯೋಗ್ಯವೆಂದು ತೋರಿಸಿಕೊಟ್ಟವರು ಕಂಬಾರರು. 1964ರಷ್ಟು ಹಿಂದೆಯೇ ಬಂದ ಅವರ ಕಥನಕಾವ್ಯದ ಹೆಸರನ್ನೇ ನೋಡಿ: 'ಹೇಳತೇನ ಕೇಳ'. ನಮ್ಮ ಅಜ್ಜಿ ಕಥೆ ಶುರುಮಾಡುವುದೂ ಹೀಗೆಯೇ ಅಲ್ಲವೆ?

ಬೆಂಗಳೂರಿನಲ್ಲಿ ನೆಲೆಸಿದ, ತೊಂಬತ್ತರ ಹತ್ತಿರದ ಹಿರಿಯರು ಪ್ರತಿ ಶಾಲೆಗೂ ಬರಬೇಕೆಂದು ಬಯಸುವುದು ಸರಿಯಲ್ಲ. ಆದರೆ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಶಾಲೆಗಳು ವಾರ್ಷಿಕ ಪ್ರವಾಸದ ಅರ್ಧ ದಿನವನ್ನು ಘೋಡಗೇರಿಗೆ ಕೊಡಬಹುದು. ನಿಪ್ಪಾಣಿಯವರಿಗೆ ಸಂಕೇಶ್ವರ, ಹುಕ್ಕೇರಿಯ ಮೇಲೆ ಬಸ್ಸಿನ ದಾರಿ ಇದೆ. ಹೋಗುವ ಮುನ್ನ ತರಗತಿಯಲ್ಲಿ ಒಂದು ನಾಟಕ ಓದಿಸಿ. ನದಿಯ ದಂಡೆಯಲ್ಲಿ ಅದರದೊಂದು ದೃಶ್ಯವನ್ನು ಮಕ್ಕಳೇ ಆಡಲಿ.

ಹತ್ತಿರದಲ್ಲೇ ಇರುವ ಮಕ್ಕಳ ಸಾಹಿತಿಗಳನ್ನು ಶಾಲೆಗೆ ಕರೆಸುವುದಕ್ಕೂ ಇದೇ ಕ್ರಮ ಒಳ್ಳೆಯದು. ಹಾರ, ಶಾಲು, ಉದ್ದದ ಭಾಷಣಗಳನ್ನು ಕಡಿಮೆ ಮಾಡಿ. ಮಕ್ಕಳು ಪುಸ್ತಕ ಓದಿ ಬಂದಿರಲಿ. ಒಬ್ಬೊಬ್ಬರು ಒಂದೊಂದು ಪ್ರಶ್ನೆ ಬರೆದು ತರಲಿ. 'ನಿಮಗೆ ಸ್ಫೂರ್ತಿ ಯಾರು?' ಎಂಬ ಸವೆದ ಪ್ರಶ್ನೆ ಬೇಡ. 'ಆ ರಾಕ್ಷಸನಿಗೆ ಯಾಕೆ ಅಳು ಬಂತು? ನೀವು ಅವನನ್ನು ಎಲ್ಲಿ ನೋಡಿದ್ರಿ?' ಎಂದು ಕೇಳಲಿ. ಲೇಖಕರು ಆಗ ಮನಸ್ಸು ಬಿಚ್ಚಿ ಮಾತಾಡುತ್ತಾರೆ.

ಆ ಮಾತು ಕಡೆಗೆ ಯಾವುದೋ ಊರಿನ ಜಾತ್ರೆ, ಬಯಲಾಟ, ಅಜ್ಜಿಯ ಕಥೆಗೆ ಬಂದು ನಿಲ್ಲುವುದೇ ಹೆಚ್ಚು. ಅಂಥ ಅಜ್ಜಿ ನಿಮ್ಮ ಮನೆಯಲ್ಲೂ ಇದ್ದಾರು. ಇವತ್ತು ರಾತ್ರಿ ಟೀವಿ, ಮೊಬೈಲು ಬದಿಗಿಟ್ಟು ಮಗುವನ್ನು ಅವರ ಹತ್ತಿರ ಕೂರಿಸಿ. ಮೆಚ್ಚಿನ ಕಥೆಗಾರರ ಮೊದಲ ಭೇಟಿ ಅಲ್ಲಿಯೇ ಆಗಲಿ.