ನೀರು ಬಸಿಯದ ಮೆಕ್ಕಲು ನೆಲದ ಲಕ್ಷಣಗಳು

ನದಿಯು ಹೊತ್ತು ತಂದು ಹರಡಿದ ಮೆಕ್ಕಲು ಮಣ್ಣಿನಷ್ಟು ಫಲವತ್ತಾದ ನೆಲ ಬೇರೊಂದಿಲ್ಲವೆಂಬ ನಂಬಿಕೆಯು ನಮ್ಮ ಒಕ್ಕಲಿಗರಲ್ಲಿ ಬಹುಕಾಲದಿಂದ ನೆಲೆಗೊಂಡಿದೆ. ಇದು ಬಹುಮಟ್ಟಿಗೆ ನಿಜವೂ ಹೌದು. ಆದರೆ ಮಣ್ಣಿನಲ್ಲಿ ಸಾರವಿದ್ದ ಮಾತ್ರಕ್ಕೆ ಅದು ಪೈರಿಗೆ ದೊರೆಯಲೇಬೇಕೆಂಬ ನಿಯಮವಿಲ್ಲ. ಪೈರು ಉಣ್ಣುವುದು ಬೇರಿನಿಂದ. ಬೇರು ತನ್ನ ಕೆಲಸವನ್ನು ಮಾಡಬೇಕಾದರೆ ಅದಕ್ಕೆ ಗಾಳಿ ಬೇಕು. ನೀರು ಬಸಿದುಹೋಗದೆ ನಿಂತ ನೆಲದಲ್ಲಿ ಗಾಳಿಗೆ ಎಡೆಯಿಲ್ಲ. ಇಂತಹ ನೆಲಕ್ಕೆ ಎಷ್ಟು ಗೊಬ್ಬರ ಸುರಿದರೂ ಖರ್ಚು ಏರುವುದೇ ಹೊರತು ಇಳುವರಿ ಏರುವುದಿಲ್ಲ. ಆದಕಾರಣ ಅಂತಹ ನೆಲದ ಸ್ವಭಾವವನ್ನೂ ಅದನ್ನು ಗುರುತಿಸುವ ಬಗೆಯನ್ನೂ ಇಲ್ಲಿ ವಿವರಿಸಲಾಗಿದೆ.

ನದಿಯು ಮಣ್ಣನ್ನು ಹರಡುವ ಕ್ರಮ

ತಿರುಮಕೂಡಲು ನರಸೀಪುರದಲ್ಲಿ ಕಪಿಲೆಯನ್ನು ಕೂಡಿಕೊಂಡು ಕಾವೇರಿಯು ತಲಕಾಡಿನ ಕಡೆಗೆ ಹರಿಯುವ ಸೀಮೆಯಲ್ಲಿ ಹೆಮ್ಮಿಗೆ ಗ್ರಾಮವಿದೆ. ಮಾಧವಮಂತ್ರಿಯ ಹೆಸರಿನಿಂದ ಪ್ರಸಿದ್ಧವಾದ ಪುರಾತನ ಅಣೆಕಟ್ಟು ಇದಕ್ಕೆ ಸಮೀಪದಲ್ಲಿಯೇ ಇದೆ. ನದಿಯ ನೀರನ್ನು ಗದ್ದೆಗೆ ತಿರುಗಿಸುವ ವಿದ್ಯೆಯು ಈ ಸೀಮೆಗೆ ಹೊಸದಲ್ಲ. ಗದ್ದೆಯಿಂದ ನೀರನ್ನು ಹೊರಡಿಸುವ ವಿದ್ಯೆಗೆ ಮಾತ್ರ ಅಷ್ಟೇ ಗಮನ ದೊರೆತಂತೆ ಕಾಣುವುದಿಲ್ಲ.

ಪ್ರವಾಹವು ದಡವನ್ನು ಮೀರಿದ ಕೂಡಲೇ ನೀರಿನ ವೇಗವು ತಗ್ಗುವುದು. ತೂಕವಾದ ಮರಳು ದಡದ ಬಳಿಯಲ್ಲಿಯೇ ಬೀಳುವುದು. ನುಣುಪಾದ ಜೇಡಿಯು ನೀರಿನೊಡನೆ ಮುಂದೆ ಸಾಗಿ, ನೀರು ನಿಂತ ಸ್ಥಳದಲ್ಲಿ ಮೆಲ್ಲನೆ ತಳವೂರುವುದು. 1924ರ ಮಹಾಪ್ರವಾಹದಂತಹ, ಅಥವಾ 2018 ಮತ್ತು 2019ರ ಆಗಸ್ಟ್ ತಿಂಗಳುಗಳಲ್ಲಿ ಈ ನದಿಗಳು ಉಕ್ಕಿದಂತಹ ಸಂದರ್ಭಗಳು ಶತಮಾನಗಳ ಕಾಲ ಮರಳಿ ಮರಳಿ ಒದಗಿದಾಗ, ದಡದ ಅಂಚು ಎತ್ತರವಾಗಿಯೂ ಅದರ ಹಿಂದಿನ ನೆಲ ತಗ್ಗಾಗಿಯೂ ಏರ್ಪಡುವುದು. ಹೀಗಾಗಿ ಹೊಳೆಗೆ ಹತ್ತಿರವಾದ ಗದ್ದೆಯಲ್ಲಿ ನೀರು ಬೇಗನೆ ಬಸಿಯುವುದೂ, ಹೊಳೆಗೆ ದೂರವಾದ ಗದ್ದೆಯಲ್ಲಿ ತಿಂಗಳುಗಟ್ಟಲೆ ನಿಲ್ಲುವುದೂ ಉಂಟು. ನೋಡುವವರಿಗೆ ಇದು ವಿಪರೀತವೆಂದು ತೋರಿದರೂ ನದಿಯ ಸಹಜವಾದ ಏರ್ಪಾಡು ಇದೇ ಆಗಿದೆ. ಈ ತಗ್ಗಿಗೆ ನಾಲೆಯ ಒಸರು ನೀರೂ ಮೇಲುಗದ್ದೆಗಳ ಹೆಚ್ಚುವರಿ ನೀರೂ ಬಂದು ಸೇರಿದರೆ, ನೆಲವು ವರ್ಷವಿಡೀ ಒಣಗುವ ಅವಕಾಶವನ್ನೇ ಕಾಣುವುದಿಲ್ಲ.

ನಿಂತ ನೀರಿನಲ್ಲಿ ಮಣ್ಣಿಗಾಗುವ ವ್ಯತ್ಯಾಸ

ಗಾಳಿಯಲ್ಲಿರುವ ಆಮ್ಲಜನಕವು ನೀರಿನೊಳಗೆ ಹರಡುವ ವೇಗವು ಗಾಳಿಯಲ್ಲಿ ಹರಡುವ ವೇಗದ ಹತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ. ಆದುದರಿಂದ ಮಣ್ಣಿನ ಸಂದುಗಳನ್ನು ನೀರು ತುಂಬಿದರೆ, ಅಲ್ಲಿದ್ದ ಆಮ್ಲಜನಕವು ಒಂದೆರಡು ದಿನಗಳಲ್ಲಿಯೇ ಮುಗಿದುಹೋಗುವುದು. ಆಗ ಮಣ್ಣಿನ ಜೀವಾಣುಗಳು ಮೊದಲು ನೈಟ್ರೇಟನ್ನೂ, ಆಮೇಲೆ ಮ್ಯಾಂಗನೀಸನ್ನೂ, ಆಮೇಲೆ ಕಬ್ಬಿಣದ ತುಕ್ಕನ್ನೂ, ಕಡೆಗೆ ಗಂಧಕದ ಲವಣಗಳನ್ನೂ ಒಡೆದು ಅವುಗಳಿಂದ ತಮ್ಮ ಕಾರ್ಯವನ್ನು ಸಾಗಿಸುವುವು.

ಇದರ ಫಲಗಳು ಒಕ್ಕಲಿಗನಿಗೆ ನೇರವಾಗಿ ತಟ್ಟುವುವು. ನೈಟ್ರೇಟಿನಲ್ಲಿದ್ದ ಸಾರಜನಕವು ಅನಿಲವಾಗಿ ಹಾರಿಹೋಗುವುದು. ಕಂದು ಬಣ್ಣದ ತುಕ್ಕು ಕರಗಿ ಮಣ್ಣು ಬೂದಿ ಅಥವಾ ನೀಲಿ ಬಣ್ಣಕ್ಕೆ ತಿರುಗುವುದು. ಕರಗಿದ ಕಬ್ಬಿಣವು ಮಿತಿಮೀರಿದರೆ ಪೈರಿಗೆ ವಿಷವಾಗುವುದು. ಗಂಧಕವು ಕೊಳೆತ ಮೊಟ್ಟೆಯ ನಾತದ ಅನಿಲವಾಗಿ ಬೇರನ್ನು ಕಪ್ಪಾಗಿಸುವುದು. ಸತುವು ಮಣ್ಣಿನಲ್ಲಿದ್ದರೂ ಬೇರಿಗೆ ಸಿಕ್ಕದಂತಾಗುವುದು. ಬತ್ತದ ಎಲೆಗಳ ಮೇಲೆ ಕಂದು ಮಚ್ಚೆಗಳು ಮೂಡಿ ಪೈರು ಗಿಡ್ಡಾಗುವ ಖೈರಾ ರೋಗಕ್ಕೆ ಸತುವಿನ ಕೊರತೆಯೇ ಕಾರಣವೆಂಬುದನ್ನು 1966ರಲ್ಲಿ ಪಂತನಗರದಲ್ಲಿ ಶ್ರೀ ವೈ. ಎಲ್. ನೆನೆಯವರು ತೋರಿಸಿಕೊಟ್ಟರು.

ಹಾಗಾದರೆ ಬತ್ತವು ನೀರಿನಲ್ಲಿ ಹೇಗೆ ಬೆಳೆಯುವುದೆಂದು ಕೇಳಬಹುದು. ಬತ್ತದ ಕಾಂಡದಲ್ಲಿಯೂ ಬೇರಿನಲ್ಲಿಯೂ ಗಾಳಿಯನ್ನು ಎಲೆಯಿಂದ ಕೆಳಗಿಳಿಸುವ ಸಣ್ಣ ಕೊಳವೆಗಳಿವೆ. ಬೇರಿನಿಂದ ಹೊರಸೂಸಿದ ಆಮ್ಲಜನಕವು ಕಬ್ಬಿಣವನ್ನು ಮತ್ತೆ ತುಕ್ಕಾಗಿಸುವುದರಿಂದ ಆರೋಗ್ಯವುಳ್ಳ ಬೇರಿನ ಸುತ್ತ ಕೆಂಪು ಲೇಪವಿರುತ್ತದೆ. ಈ ಶಕ್ತಿಗೂ ಒಂದು ಮಿತಿಯುಂಟು. ಕಬ್ಬು, ಬಾಳೆ, ತೆಂಗುಗಳಿಗಂತೂ ನಿಂತ ನೀರನ್ನು ಬತ್ತದಂತೆ ತಾಳುವ ಸಾಮರ್ಥ್ಯವಿಲ್ಲ.

ಮಲೆಯ ತಂಪಿನಲ್ಲಿಯೂ ಬಯಲಿನ ಬಿಸಿಲಿನಲ್ಲಿಯೂ

ಒಂದೇ ನದಿಯ ಮೆಕ್ಕಲಾದರೂ ಹವೆಗೆ ತಕ್ಕಂತೆ ಅದಕ್ಕೆ ತಗಲುವ ದೋಷವು ಬೇರೆಯಾಗುವುದೆಂಬುದನ್ನು ಗಮನಿಸತಕ್ಕದ್ದು. ಕಾವೇರಿಯು ಹುಟ್ಟುವ ತಲಕಾವೇರಿಯು ಸಮುದ್ರಮಟ್ಟದಿಂದ ಸುಮಾರು 1,276 ಮೀಟರು ಎತ್ತರದಲ್ಲಿದೆ. ಅದರ ಕೆಳಗಿನ ಭಾಗಮಂಡಲದ ಕಣಿವೆಯಲ್ಲಿ ವರ್ಷಕ್ಕೆ 200 ಅಂಗುಲಕ್ಕೂ ಮಿಕ್ಕಿ ಮಳೆ ಬೀಳುವುದು. ತಂಪಾದ ಒದ್ದೆ ನೆಲದಲ್ಲಿ ಹುಲ್ಲು, ಎಲೆ, ಬೇರುಗಳು ಬೇಗನೆ ಕೊಳೆಯುವುದಿಲ್ಲ. ಆದುದರಿಂದ ಅಂತಹ ಕಣಿವೆಗಳ ತಳದ ಗದ್ದೆಗಳಲ್ಲಿ ಮೇಲೆ ಕಪ್ಪು ಮಣ್ಣೂ ಕೆಳಗೆ ನೀಲಿಬೂದಿ ಜೇಡಿಯೂ ಸೇರಿರುವುವು. ಮಳೆಯು ಸುಣ್ಣದ ಅಂಶವನ್ನು ತೊಳೆದೊಯ್ಯುವುದರಿಂದ ನೆಲವು ಹುಳಿಯಾಗುವುದು. ಸುತ್ತಣ ಗುಡ್ಡಗಳಿಂದ ಇಳಿದ ಕಬ್ಬಿಣವು ಒಸರು ನೀರಿನ ಮೇಲೆ ಎಣ್ಣೆಯಂತೆ ಮಿನುಗುವುದು.

ಹೆಮ್ಮಿಗೆಯ ಸೀಮೆಯಾದರೋ ಸಮುದ್ರಮಟ್ಟಕ್ಕೆ 2,000 ಅಡಿಗಿಂತ ಸ್ವಲ್ಪವೇ ಮೇಲಿದ್ದು, ಸರಾಸರಿ 30 ಅಂಗುಲ ಮೀರದ ಮಳೆಯನ್ನು ಪಡೆಯುತ್ತದೆ. ಇಲ್ಲಿ ಮಣ್ಣನ್ನು ತೊಳೆಯುವಷ್ಟು ಮಳೆಯಿಲ್ಲ. ನೀರನ್ನು ಮೇಲಕ್ಕೆಳೆಯುವಷ್ಟು ಬಿಸಿಲಿದೆ. ನೆಲದಡಿಯ ನೀರು ಮೇಲಕ್ಕೇರಿ ಆವಿಯಾಗುವಾಗ ತನ್ನಲ್ಲಿದ್ದ ಲವಣವನ್ನು ನೆಲದ ಮೇಲೆಯೇ ಬಿಟ್ಟುಹೋಗುವುದು. ಬೇಸಿಗೆಯಲ್ಲಿ ಬದುಗಳ ಮೇಲೆ ಕಾಣುವ ಬಿಳಿಯ ಪೊರೆಯು ಇದೇ ಆಗಿದೆ. ಮಲೆಯಲ್ಲಿ ಹುಳಿ, ಬಯಲಿನಲ್ಲಿ ಚೌಳು. ರೋಗಗಳು ಎರಡಾದರೂ ಮೂಲವು ಒಂದೇ. ನೀರಿಗೆ ಹೊರದಾರಿಯಿಲ್ಲ.

ಗುಂಡಿ ತೋಡಿ ನೋಡುವ ಕ್ರಮ

ಇದನ್ನು ತಿಳಿಯಲು ಯಂತ್ರವೇನೂ ಬೇಕಾಗಿಲ್ಲ. ಗದ್ದೆಯ ತಗ್ಗಾದ ಭಾಗದಲ್ಲಿ 3 ಅಡಿ ಆಳದ ಗುಂಡಿಯೊಂದನ್ನು ತೋಡಿ, ಪಕ್ಕದ ಮಣ್ಣನ್ನು ಗುದ್ದಲಿಯಿಂದ ಹೊಸದಾಗಿ ಕೆರೆದು ನೋಡತಕ್ಕದ್ದು. ಕೆಳಗಿನವರೆಗೂ ಮಣ್ಣು ಕಂದು ಅಥವಾ ಕೆಂಪಾಗಿದ್ದರೆ ಗಾಳಿಯಾಡುತ್ತಿದೆಯೆಂದು ತಿಳಿಯಬೇಕು. ಬೂದಿ ಬಣ್ಣದ ನಡುವೆ ತುಕ್ಕಿನ ಮಚ್ಚೆಗಳೂ, ಬೇರುಗಳ ಹಾದಿಯಲ್ಲಿ ತುಕ್ಕಿನ ಗೆರೆಗಳೂ ಇದ್ದರೆ ವರ್ಷದ ಕೆಲವು ಕಾಲ ಮಾತ್ರ ನೀರು ನಿಲ್ಲುತ್ತದೆಂದು ಅರ್ಥ. ಮಚ್ಚೆಯಿಲ್ಲದೆ ಪೂರ್ತಿಯಾಗಿ ನೀಲಿಬೂದಿಯಾಗಿದ್ದು, ಆ ಹೆಂಟೆಯನ್ನು ಹೊರಗಿಟ್ಟ ಮೇಲೆ ಮೆಲ್ಲಮೆಲ್ಲನೆ ಕಂದಾಗುತ್ತ ಬಂದರೆ, ಆ ಪದರವು ಸದಾ ನೀರಿನಲ್ಲಿಯೇ ಮುಳುಗಿದೆಯೆಂಬುದರಲ್ಲಿ ಸಂದೇಹವಿಲ್ಲ. ಈ ಬಗೆಯ ಮಣ್ಣಿಗೆ ವಿಜ್ಞಾನಿಗಳು 'ಗ್ಲೇ' ಎಂದು ಹೆಸರಿಟ್ಟಿದ್ದಾರೆ. 1905ರಲ್ಲಿ ವಿಸೋತ್ಸ್ಕಿ ಎಂಬ ರಷ್ಯದ ಪಂಡಿತನು ತನ್ನ ದೇಶದ ಹಳ್ಳಿಗರ ಮಾತಿನಿಂದಲೇ ಈ ಪದವನ್ನು ಶಾಸ್ತ್ರಕ್ಕೆ ತಂದನು.

ಇಲ್ಲಿ ಒಂದು ಎಚ್ಚರಿಕೆಯು ಅವಶ್ಯಕ. ಕೆಸರು ಮಾಡಿ ನಾಟಿ ಹಾಕುವ ಯಾವ ಗದ್ದೆಯಲ್ಲಿಯಾದರೂ ಮೇಲಿನ ಅರ್ಧ ಅಡಿ ಬೂದಿ ಬಣ್ಣವಾಗಿಯೇ ಇರುವುದು. ಅದರಡಿಯಲ್ಲಿ ಕಂದು ಮಣ್ಣು ಕಂಡರೆ ಭಯಪಡಬೇಕಾಗಿಲ್ಲ. ಮೇಲಿನದಕ್ಕಿಂತ ಕೆಳಗಿನ ಮಣ್ಣೇ ಹೆಚ್ಚು ನೀಲಿಯಾಗಿದ್ದರೆ ಮಾತ್ರ ನೆಲದಡಿಯ ನೀರು ಮೇಲೆ ಬಂದಿದೆಯೆಂದು ತಿಳಿಯತಕ್ಕದ್ದು. ಬೆಳೆಯಿಲ್ಲದ ಕಾಲದಲ್ಲಿ ತೋಡಿದ ಗುಂಡಿಯಲ್ಲಿ ಮಾರನೆಯ ಬೆಳಿಗ್ಗೆ 2 ಅಡಿಗಿಂತ ಮೇಲೆಯೇ ನೀರು ನಿಂತಿದ್ದರೆ ಬಸಿಗಾಲುವೆಯ ಹೊರತು ಗತ್ಯಂತರವಿಲ್ಲ.

ಒಂದು ನಿದರ್ಶನ

ಕೆಲವು ವರ್ಷಗಳ ಹಿಂದೆ ಈ ಸೀಮೆಯ ಒಬ್ಬ ರೈತರ ತಗ್ಗಿನ ಗದ್ದೆಯಲ್ಲಿ ಬತ್ತವು ಹಳದಿಯಾಗಿ ನಿಂತಿತು. ನಾನು ಬದುವಿನ ಮೇಲೆ ನಿಂತು ನೋಡಿ, ಸಾರಜನಕದ ಕೊರತೆಯೆಂದು ತೀರ್ಮಾನಿಸಿ, ಯೂರಿಯಾ ಹಾಕುವಂತೆ ಸಲಹೆಯಿತ್ತೆನು. ಪೈರು ಚೇತರಿಸಲಿಲ್ಲ. ಮರುವರ್ಷವೂ ನನ್ನ ಮಾತಿನಂತೆ ಅವರು ಇನ್ನಷ್ಟು ಗೊಬ್ಬರ ತಂದರು. ಅದಕ್ಕಾಗಿ ಕರೆಯುವ ಹಸುವೊಂದನ್ನು ಮಾರಿದ್ದರೆಂಬುದು ನನಗೆ ತಿಳಿದದ್ದು ಆಮೇಲೆ. ಆ ಬೆಳೆಯೂ ಕೈಗೆ ಹತ್ತಲಿಲ್ಲ. ಅವರ ವೃದ್ಧ ತಂದೆಯವರು ಒಂದು ಪೈರನ್ನು ಕಿತ್ತು ನನ್ನ ಕೈಗೆ ಕೊಟ್ಟು, "ಬೇರು ಮೂಸಿ ನೋಡಿ ಸ್ವಾಮಿ" ಎಂದರು. ಬೇರು ಕಪ್ಪಾಗಿದ್ದು ನಾರುತ್ತಿತ್ತು. ಮೊದಲ ದಿನವೇ ಗದ್ದೆಗಿಳಿದು ಮಾಡಬೇಕಾಗಿದ್ದ ಪರೀಕ್ಷೆ ಅದು.

ಗುಂಡಿ ತೋಡಿಸಿದಾಗ ಒಂದು ಅಡಿಯ ಕೆಳಗೆ ಮಣ್ಣು ನೀಲಿಯಾಗಿತ್ತು. ವಿಚಾರಿಸಲಾಗಿ, ಆ ತಗ್ಗಿನ ನೀರನ್ನು ಹಳ್ಳಕ್ಕೆ ಒಯ್ಯುತ್ತಿದ್ದ ಹಳೆಯ ಬಸಿಗಾಲುವೆಯು ಕೆಳಗಿನ ಗದ್ದೆಯಲ್ಲಿ ಮುಚ್ಚಿಹೋಗಿರುವುದು ತಿಳಿದುಬಂತು. ಯಾರೂ ಕೇಡು ಬಗೆದು ಮುಚ್ಚಿರಲಿಲ್ಲ. ವರ್ಷಕ್ಕೊಂದು ಗೇಣಿನಂತೆ ಬದು ಮುಂದೆ ಸರಿದು, ಕೆಳಗಿನವರಿಗೆ ಸುಮಾರು ಮೂರು ಗುಂಟೆ ನೆಲ ಲಾಭವಾಗಿತ್ತು. ಮೇಲೆ ಐದು ಮನೆಯವರ ಗದ್ದೆಗಳು ಜೌಗಾಗಿದ್ದುವು. ಊರಿನ ಯಜಮಾನರು ಎಲ್ಲರನ್ನೂ ಕೂಡಿಸಿ ಮಾತನಾಡಿದ ಮೇಲೆ, ಕೆಳಗಿನವರಿಗೆ ಬದು ಕಟ್ಟುವ ಕೂಲಿಯನ್ನು ಮೇಲಿನವರು ಕೊಡುವುದೆಂದು ಒಪ್ಪಂದವಾಗಿ ಕಾಲುವೆ ತೆರೆಯಿತು. ಎರಡನೆಯ ಬೆಳೆಯ ಹೊತ್ತಿಗೆ ಬೇರುಗಳು ಕೆಂಪು ಲೇಪದಿಂದ ಕೂಡಿದ್ದುವು. ಗೊಬ್ಬರವನ್ನು ಮೊದಲಿಗಿಂತ ಕಡಿಮೆಯಾಗಿಯೇ ಹಾಕಿದ್ದರು.

ಅನುಸರಿಸತಕ್ಕ ಕ್ರಮಗಳು

ಬಸಿಗಾಲುವೆಯನ್ನು ಯಾವಾಗಲೂ ನೀರು ಹೊರಬೀಳುವ ಕೆಳತುದಿಯಿಂದ ಆರಂಭಿಸಿ ಮೇಲಕ್ಕೆ ತೋಡಿಕೊಂಡು ಬರತಕ್ಕದ್ದು. ಆಳವು ಎರಡೂವರೆಯಿಂದ 3 ಅಡಿ ಇರಬೇಕು. ಜೇಡಿ ಹೆಚ್ಚಿದ್ದಷ್ಟೂ ಕಾಲುವೆಗಳು ಹತ್ತಿರವಾಗಬೇಕು. ನಾಲೆಯ ಒಸರು ನೀರಿದ್ದರೆ ಅದು ಗದ್ದೆಗೆ ನುಗ್ಗುವ ಮೊದಲೇ ಅಡ್ಡಗಾಲುವೆಯಿಂದ ತಡೆಯಬೇಕು. ಜೊಂಡು, ಆಪುಗಳನ್ನು ಪ್ರತಿ ಮುಂಗಾರಿಗೂ ಮುಂಚೆ ತೆಗೆಯಬೇಕು. ಚಳಿಯೂ ಮಳೆಯೂ ಹೆಚ್ಚಾದ ಸ್ಕಾಟ್ಲೆಂಡಿನಲ್ಲಿ ಡೀನ್‌ಸ್ಟನ್ನಿನ ಜೇಮ್ಸ್ ಸ್ಮಿತ್ ಎಂಬಾತನು 19ನೆಯ ಶತಮಾನದ ಮೊದಲಲ್ಲಿಯೇ ನೆಲದೊಳಗೆ ಸಾಲುಸಾಲಾಗಿ ಕಲ್ಲುಗಾಲುವೆಗಳನ್ನು ಹೂಳಿ ಜೌಗು ನೆಲವನ್ನು ಸರಿಪಡಿಸಿದನು. ನಮ್ಮ ತುಂಗಭದ್ರಾ ಅಚ್ಚುಕಟ್ಟಿನಲ್ಲಿಯೂ ರಂಧ್ರವುಳ್ಳ ಕೊಳವೆಗಳನ್ನು ಹೂಳುವ ಕ್ರಮವು ಪ್ರಯೋಗದಲ್ಲಿದೆ. ಆದರೆ ಸಾಮಾನ್ಯ ರೈತನಿಗೆ ತೆರೆದ ಕಾಲುವೆಯೇ ಸುಲಭ.

ನಾಟಿಯಾದ ಸುಮಾರು ಒಂದು ತಿಂಗಳ ಮೇಲೆ ಗದ್ದೆಯ ನೀರನ್ನು ಒಮ್ಮೆ ಬಿಟ್ಟು, ಕೂದಲೆಳೆಯಂತಹ ಬಿರುಕು ಕಾಣುವವರೆಗೆ ಆರಗೊಟ್ಟು, ಮತ್ತೆ ನೀರು ಕಟ್ಟಬೇಕು. ಹಸುರೆಲೆ ಗೊಬ್ಬರವನ್ನು ನಾಟಿಗೆ ಎರಡು ಮೂರು ವಾರ ಮುಂಚೆಯೇ ತುಳಿಯಬೇಕು. ಹಸಿಯಾಗಿ ತುಳಿದ ಕೂಡಲೇ ನಾಟಿ ಹಾಕಿದರೆ ಅದು ಬೇರಿಗೆ ವಿಷವಾಗುವುದು. ಯೂರಿಯಾವನ್ನು ನಿಂತ ನೀರಿಗೆ ಎರಚದೆ, ನೀರು ಬಿಟ್ಟ ಕೆಸರಿಗೆ ಎರಡು ಮೂರು ಕಂತುಗಳಲ್ಲಿ ಕೊಡಬೇಕು. ಸತುವಿನ ಕೊರತೆ ಕಂಡಲ್ಲಿ ಎಕರೆಗೆ 8ರಿಂದ 10 ಕಿಲೋಗ್ರಾಂ ಸತುವಿನ ಸಲ್ಫೇಟು ಸಾಕಾಗುವುದು. ಚೌಳಿಗೆ ಜಿಪ್ಸಮ್ಮನ್ನು ಮಣ್ಣಿನ ಪರೀಕ್ಷೆಯ ನಂತರವೇ ಹಾಕತಕ್ಕದ್ದು. ಬಸಿಗಾಲುವೆಯಿಲ್ಲದೆ ಹಾಕಿದ ಜಿಪ್ಸಮ್ ನಿಷ್ಪ್ರಯೋಜಕ, ಏಕೆಂದರೆ ಬಿಡಿಸಿಕೊಂಡ ಲವಣವು ಹೋಗಲು ದಾರಿಯಿರುವುದಿಲ್ಲ.

ನೀರು ಬರುವ ಕಾಲುವೆಗಾಗಿ ಊರೆಲ್ಲ ಒಂದಾಗುವುದು ವಾಡಿಕೆ. ನೀರು ಹೋಗುವ ಕಾಲುವೆಗಾಗಿಯೂ ಹಾಗೆಯೇ ಒಂದಾಗಬೇಕು. ಒಬ್ಬನ ಗದ್ದೆಯ ಬಸಿಯುವಿಕೆಯು ಅವನ ಕೆಳಗಿನವನ ಕೈಯಲ್ಲಿದೆ. ಆದುದರಿಂದ ತಗ್ಗಿನ ನೆಲವುಳ್ಳ ರೈತಬಾಂಧವರು ಮುಂದಿನ ಬೆಳೆಗೆ ಗೊಬ್ಬರ ಕೊಳ್ಳುವ ಮುನ್ನ, ನಾಲೆಗೆ ನೀರು ಬಿಡುವುದಕ್ಕೆ ಮೊದಲೇ, ಒಂದು ಗುಂಡಿಯನ್ನು ತೋಡಿ ಮಣ್ಣಿನ ಬಣ್ಣವನ್ನು ನೋಡಬೇಕೆಂದೂ, ಸಂದೇಹವಿದ್ದಲ್ಲಿ ಸಮೀಪದ ರೈತ ಸಂಪರ್ಕ ಕೇಂದ್ರದವರನ್ನು ಗುಂಡಿಯ ಬಳಿಗೇ ಕರೆತಂದು ತೋರಿಸಬೇಕೆಂದೂ ಕೋರಲಾಗಿದೆ.