ಸವುಷ್ಕಿನಾ ಬೀದಿಯ ಬಾಡಿಗೆ ಬರಹಗಾರರು

ಜಾಲತಾಣಗಳ ರಾಜಕೀಯ ಜಗಳದಲ್ಲಿ ಎದುರಾಳಿಯ ಬಾಯಿ ಮುಚ್ಚಿಸಲು ‘ನೀನು ಬಾಟ್’ ಎಂದುಬಿಡುವುದು ಈಗ ವಾಡಿಕೆ. ಬಾಟ್ ಎಂದರೆ ತಂತ್ರಾಂಶವೇ ನಡೆಸುವ ಖಾತೆ. ಸುಳ್ಳು ಹೆಸರಿಟ್ಟುಕೊಂಡು ಸಂಬಳಕ್ಕೆ ಬರೆಯುವವನದು ಬೇರೆ ಕಸುಬು, ಅವನು ಟ್ರೋಲ್. ಇವೆರಡನ್ನೂ ಒಂದೇ ಗಂಟಿಗೆ ಕಟ್ಟುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ. 2016ರ ಅಮೆರಿಕ ಅಧ್ಯಕ್ಷೀಯ ಚುನಾವಣೆಯಲ್ಲಿ ಹೆಚ್ಚು ಸದ್ದು ಮಾಡಿದವರು ಟ್ರೋಲ್‌ಗಳು, ಅಂದರೆ ಮನುಷ್ಯರೇ.

ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ಸವುಷ್ಕಿನಾ ಬೀದಿ, 55ನೇ ನಂಬರಿನ ಕಟ್ಟಡ. ಇಲ್ಲಿದ್ದ ‘ಇಂಟರ್ನೆಟ್ ರಿಸರ್ಚ್ ಏಜೆನ್ಸಿ’ಯಲ್ಲಿ ನೌಕರರು ಹಗಲು ರಾತ್ರಿ ಪಾಳಿಯಲ್ಲಿ ಕೂತು, ಕೊಟ್ಟ ವಿಷಯದ ಮೇಲೆ ಹೇಳಿದಷ್ಟು ಬರೆಯಬೇಕಿತ್ತು. 2015ರಲ್ಲಿ ಒಳಗೆ ಕೆಲಸಕ್ಕೆ ಸೇರಿದ್ದ ಲ್ಯುಡ್ಮಿಲಾ ಸಾವ್ಚುಕ್ ಇದನ್ನೆಲ್ಲ ಹೊರಹಾಕಿ ಸಂಸ್ಥೆಯನ್ನು ಕೋರ್ಟಿಗೆಳೆದರು. ಸಿಕ್ಕ ಪರಿಹಾರ ಒಂದು ರೂಬಲ್. ಈ ಏಜೆನ್ಸಿಯನ್ನು ಹುಟ್ಟುಹಾಕಿದವನು ತಾನೇ ಎಂದು ಉದ್ಯಮಿ ಯೆವ್ಗೆನಿ ಪ್ರಿಗೋಝಿನ್ ಬಾಯಿಬಿಟ್ಟದ್ದು 2023ರ ಫೆಬ್ರವರಿಯಲ್ಲಿ. ಅಷ್ಟರಲ್ಲಾಗಲೇ ಅಮೆರಿಕದ ವಿಶೇಷ ತನಿಖಾಧಿಕಾರಿ ರಾಬರ್ಟ್ ಮುಲ್ಲರ್ 2018ರಲ್ಲಿ ಆ ಚುನಾವಣೆಯಲ್ಲಿ ಕೈಯಾಡಿಸಿದ್ದಕ್ಕಾಗಿ 13 ಮಂದಿಯ ಮತ್ತು 3 ಸಂಸ್ಥೆಗಳ ಮೇಲೆ ಆರೋಪಪಟ್ಟಿ ಸಲ್ಲಿಸಿಯಾಗಿತ್ತು.

ಏಜೆನ್ಸಿಯವರ ವರಸೆ ತಿಳಿಯಲು ಅಮೆರಿಕದ ಹ್ಯೂಸ್ಟನ್ ನಗರದ ಪ್ರಸಂಗವೊಂದೇ ಸಾಕು. 2016ರ ಮೇ 21ರಂದು ಅಲ್ಲಿನ ಇಸ್ಲಾಮಿಕ್ ಕೇಂದ್ರದ ಎದುರು ‘ಹಾರ್ಟ್ ಆಫ್ ಟೆಕ್ಸಾಸ್’ ಎಂಬ ಫೇಸ್‌ಬುಕ್ ಪುಟ ಪ್ರತಿಭಟನೆಗೆ ಕರೆ ಕೊಟ್ಟಿತು. ಅದೇ ಹೊತ್ತಿಗೆ, ಅದೇ ಜಾಗಕ್ಕೆ, ‘ಯುನೈಟೆಡ್ ಮುಸ್ಲಿಮ್ಸ್ ಆಫ್ ಅಮೆರಿಕ’ ಎಂಬ ಇನ್ನೊಂದು ಪುಟ ಬೆಂಬಲಿಗರನ್ನು ಕರೆಯಿತು. ಬೀದಿಯ ಆಚೆ ಒಂದು ಗುಂಪು, ಈಚೆ ಒಂದು ಗುಂಪು, ನಡುವೆ ಪೊಲೀಸರು. ಕೂಗಾಡಿದವರೆಲ್ಲ ಅಸಲಿ ಅಮೆರಿಕನ್ನರು. ಎರಡೂ ಪುಟಗಳ ಹಿಂದಿದ್ದದ್ದು ಮಾತ್ರ ಪೀಟರ್ಸ್‌ಬರ್ಗ್‌ನ ಅದೇ ಕಚೇರಿ. ಜಾಹೀರಾತಿಗೆ ತಗುಲಿದ ಖರ್ಚು ಸುಮಾರು 200 ಡಾಲರ್ ಎಂದು ಸೆನೆಟ್ ವಿಚಾರಣೆಯಲ್ಲಿ ಬಯಲಾಯಿತು. ಜಗಳ ಹೊಸದಾಗಿ ಸೃಷ್ಟಿಯಾದದ್ದಲ್ಲ, ಇದ್ದದ್ದಕ್ಕೆ ತುಪ್ಪ ಸುರಿಯಲಾಯಿತು.

ಏಜೆನ್ಸಿಯ ಬರಹಗಳು 12.6 ಕೋಟಿ ಜನರ ಕಣ್ಣಿಗೆ ಬಿದ್ದಿರಬಹುದು ಎಂದು ಫೇಸ್‌ಬುಕ್ ಒಪ್ಪಿಕೊಂಡಿತು. ಟ್ವಿಟರ್ ಏಜೆನ್ಸಿಯ 3,814 ಖಾತೆಗಳನ್ನೂ, ರಷ್ಯಾ ನಂಟಿನ 50,258 ಬಾಟ್‌ಗಳನ್ನೂ ಬೇರೆಬೇರೆಯಾಗಿ ಲೆಕ್ಕ ಹಾಕಿತು. ಈ ಅಂಕಿಗಳು ಗಾಬರಿ ಹುಟ್ಟಿಸಿದ್ದು ಸಹಜ. ಆದರೆ ಕಣ್ಣಿಗೆ ಬಿದ್ದದ್ದೆಲ್ಲ ಮನಸ್ಸಿಗೆ ನಾಟುವುದಿಲ್ಲ. ನೇಚರ್ ಕಮ್ಯುನಿಕೇಷನ್ಸ್ ಪತ್ರಿಕೆಯಲ್ಲಿ 2023ರಲ್ಲಿ ಬಂದ ಅಧ್ಯಯನದ ಪ್ರಕಾರ, ಟ್ವಿಟರ್‌ನಲ್ಲಿ ಇಂಥ ಬರಹಗಳ ಶೇ. 70ರಷ್ಟು ನೋಟ ಕೇವಲ ಶೇ. 1ರಷ್ಟು ಬಳಕೆದಾರರ ಪಾಲಿನದು. ಇವನ್ನು ಹೆಚ್ಚಾಗಿ ಕಂಡವರು ಮೊದಲೇ ಗಟ್ಟಿ ರಿಪಬ್ಲಿಕನ್ನರಾಗಿದ್ದವರು. ನೋಡಿದವರ ನಿಲುವು ಅಥವಾ ಮತ ಬದಲಾದ ಕುರುಹು ಸಿಗಲಿಲ್ಲ. ಸುಳ್ಳು ಸುದ್ದಿ ನಿಜಕ್ಕಿಂತ ವೇಗವಾಗಿ ಓಡಲು ಬಾಟ್‌ಗಳಿಗಿಂತ ಮನುಷ್ಯರೇ ಕಾರಣ ಎಂದು 2018ರಲ್ಲೇ ಎಂಐಟಿ ಸಂಶೋಧಕರು ತೋರಿಸಿದ್ದರು.

ಅನುಮಾನ ಮಾತ್ರ ಬೆಳೆಯುತ್ತಲೇ ಹೋಯಿತು. 2018ರ ಏಪ್ರಿಲ್‌ನಲ್ಲಿ ಬ್ರಿಟನ್ ಸರ್ಕಾರ ರಷ್ಯಾದ ಬಾಟ್ ಎಂದು ಬೆರಳು ತೋರಿಸಿದ ಖಾತೆಯೊಂದರ ಒಡೆಯ ಸ್ಕೈ ನ್ಯೂಸ್ ವಾಹಿನಿಯ ನೇರ ಪ್ರಸಾರದಲ್ಲೇ ಹಾಜರಾದ: ಮಾಂಸ ಮೂಳೆಗಳ ಬ್ರಿಟಿಷ್ ಪ್ರಜೆ. ರಷ್ಯಾದ ವಾದವನ್ನೇ ಹೋಲುವ ಮಾತು, ಹಗಲಿರುಳು ಟ್ವೀಟು, ಮುಖ ಕಾಣದ ಚಿತ್ರ – ಇವಿಷ್ಟು ಒಬ್ಬ ಹಟಮಾರಿಯ ಲಕ್ಷಣವೂ ಹೌದು.

ಬರಹದ ಧಾಟಿ ನೋಡಿ ತೀರ್ಮಾನಿಸಲು ಆಗದು. ಏಜೆನ್ಸಿಯ ಗುಟ್ಟು ಬಯಲಾಗಲು ನೆರವಾದದ್ದು ರೂಬಲ್‌ನಲ್ಲಿ ಸಂದಾಯವಾದ ಜಾಹೀರಾತು ಹಣದಂಥ ಸುಳಿವುಗಳು. ಹಣ ಪಾವತಿ, ಲಾಗಿನ್ ಆದ ಊರು, ನೋಂದಾಯಿಸಿದ ಫೋನ್ ನಂಬರಿನಂಥ ವಿವರಗಳೆಲ್ಲ ಕಂಪನಿಯ ಸರ್ವರ್‌ಗಳಲ್ಲಿರುತ್ತವೆ, ಓದುಗನಿಗೆ ಕಾಣುವುದಿಲ್ಲ. ಸಂಶೋಧಕರಿಗಿದ್ದ ಕಿಂಡಿಯೂ ಕಿರಿದಾಯಿತು: 2023ರಲ್ಲಿ ಟ್ವಿಟರ್ ಪುಕ್ಕಟೆ ಮಾಹಿತಿ ಕೊಡುವುದನ್ನು ನಿಲ್ಲಿಸಿದ ಮೇಲೆ, ಖಾತೆಯೊಂದು ಬಾಟ್ ಆಗಿರುವ ಸಂಭವವನ್ನು ಅಳೆಯುತ್ತಿದ್ದ ಇಂಡಿಯಾನಾ ವಿಶ್ವವಿದ್ಯಾಲಯದ ‘ಬೊಟೊಮೀಟರ್’ ಹಳೆಯ ದತ್ತಾಂಶಕ್ಕೇ ಸೀಮಿತವಾಯಿತು.