ಮೊದಲು ಏನು ಕೆಟ್ಟಿದೆ ನೋಡಿ, ಆಮೇಲೆ ಅಂಗಡಿ ಸುತ್ತಿ



ನಮ್ಮ ಅಪ್ಪನ ಓಮ್ನಿ ಕಾರು ನಿಮಗೆಲ್ಲಾ ಗೊತ್ತು. ಸಂತೆಗೆ, ಮದುವೆಗೆ, ರಾತ್ರಿ ಹೊತ್ತು ಆಸ್ಪತ್ರೆಗೆ ನಮ್ಮೂರಿಂದ ಹೋಗುವುದು ಅದೇ. ದೀಪಾವಳಿ ಆದ ಮೇಲೆ ಒಂದು ದಿನ ಬೆಳಿಗ್ಗೆ ಅಪ್ಪ ಕೀ ತಿರುಗಿಸಿದರೆ "ಟಕ್" ಅಂತ ಒಂದು ಸದ್ದು ಬಂತು ಅಷ್ಟೆ. ಗಾಡಿ ಸ್ಟಾರ್ಟ್ ಆಗಲಿಲ್ಲ. ನಾವೆಲ್ಲಾ ತಳ್ಳಿ ಸ್ಟಾರ್ಟ್ ಮಾಡಿದೆವು. ನಮ್ಮ ಕ್ಲಾಸಿನ ಮೂವರು ತಳ್ಳಿದ್ದರು, ಅವರಿಗೆ ನೆನಪಿರಬಹುದು.

ಪಟ್ಟಣದ ಒಂದು ಗ್ಯಾರೇಜಿನಲ್ಲಿ ತೋರಿಸಿದೆವು. ಅವರು ಸೀಟನ್ನೂ ಎತ್ತಿ ನೋಡದೆ, "ಸೆಲ್ಫ್ ಮೋಟರ್ ಹೋಗಿದೆ, ಹೊಸದು ಹಾಕಬೇಕು. ಎಲ್ಲಾ ಸೇರಿ 5,800 ಆಗುತ್ತೆ" ಅಂದರು. ಅಪ್ಪನ ಹತ್ತಿರ ಇದ್ದದ್ದು ಅಕ್ಕನ ಹಾಸ್ಟೆಲಿಗೆ ಕಟ್ಟಬೇಕಾದ 6,000 ರೂಪಾಯಿ. ಅಪ್ಪ ಸುಮ್ಮನೆ ನಿಂತುಬಿಟ್ಟರು. ಆಗ ನಮ್ಮ ಚಿಕ್ಕಪ್ಪ, "ಅಣ್ಣಾ, ಒಂದು ಎಮ್ಮೆ ತಗೊಳ್ಳೋಕೆ ನಾಲ್ಕು ಊರು ತಿರುಗ್ತೀವಿ, ಇದಕ್ಕೆ ಇನ್ನೊಬ್ಬರನ್ನ ಕೇಳಬಾರದಾ?" ಅಂದರು. ಅಲ್ಲಿಂದ ಶುರುವಾಯಿತು ನಮ್ಮ ಸುತ್ತಾಟ.

ಬಸ್ ಸ್ಟ್ಯಾಂಡಿನ ಹಿಂದೆ ವಾಹನಗಳ ಕರೆಂಟ್ ಕೆಲಸ ಮಾತ್ರ ಮಾಡುವ ಒಬ್ಬ ಎಲೆಕ್ಟ್ರಿಷಿಯನ್ ಇದ್ದಾರೆ. ವಯಸ್ಸಾದವರು. ಅವರು ಮೊದಲು ಮೋಟರನ್ನು ಮುಟ್ಟಲೇ ಇಲ್ಲ. ಬ್ಯಾಟರಿಯ ತುದಿಗಳಲ್ಲಿ ಬಿಳಿ ಪುಡಿ ಕಟ್ಟಿಕೊಂಡಿದೆಯಾ ಅಂತ ನೋಡಿದರು. ಆ ಪುಡಿ ಇದ್ದರೆ ಕರೆಂಟ್ ಸರಿಯಾಗಿ ಹರಿಯುವುದಿಲ್ಲ. ಬಿಸಿನೀರು ಹಾಕಿ ಉಜ್ಜಿ, ಒರೆಸಿ, ಬಿಗಿ ಮಾಡಿದರೆ ಎಷ್ಟೋ ಗಾಡಿ ಅಷ್ಟಕ್ಕೇ ಸ್ಟಾರ್ಟ್ ಆಗುತ್ತವಂತೆ. ನಮ್ಮದರಲ್ಲಿ ಪುಡಿ ಇರಲಿಲ್ಲ. ಆಮೇಲೆ ಹೆಡ್‌ಲೈಟ್ ಹಾಕಿಸಿ ಕೀ ತಿರುಗಿಸಲು ಹೇಳಿದರು. ಲೈಟು ಪೂರ್ತಿ ಮಂಕಾದರೆ ಸಾಮಾನ್ಯವಾಗಿ ಬ್ಯಾಟರಿಯ ದೋಷ. ನಮ್ಮದು ಮಂಕಾಗಲಿಲ್ಲ. ಬ್ಯಾಟರಿಯಲ್ಲಿ ಶಕ್ತಿ ಇದೆ, ಆದರೆ ಅದು ಮೋಟರಿನೊಳಗೆ ಹೋಗುತ್ತಿಲ್ಲ ಅಂತ ಅರ್ಥ. ಕೊನೆಗೆ ಸ್ಪ್ಯಾನರಿನ ಹಿಂಬದಿಯಿಂದ ಮೋಟರಿಗೆ ಮೆಲ್ಲಗೆ ಎರಡು ಏಟು ಹಾಕಿ, "ಈಗ ತಿರುಗಿಸಿ" ಅಂದರು. ಗಾಡಿ ಸ್ಟಾರ್ಟ್ ಆಗೇಬಿಡ್ತು! ನಾನು ಮಂತ್ರ ಅಂದುಕೊಂಡೆ.

ಮಂತ್ರ ಅಲ್ಲ. ಸೆಲ್ಫ್ ಮೋಟರಿನ ಒಳಗೆ ತಾಮ್ರದ ಪಟ್ಟಿಗಳಿರುವ ಒಂದು ಭಾಗ ತಿರುಗುತ್ತದೆ. ಅದಕ್ಕೆ ಕರೆಂಟ್ ಕೊಡುವುದು ಕಾರ್ಬನ್ ತುಂಡುಗಳು. ಸ್ಪ್ರಿಂಗು ಅವನ್ನು ತಾಮ್ರದ ಮೇಲೆ ಒತ್ತಿ ಹಿಡಿದಿರುತ್ತದೆ. ಸ್ಲೇಟಿನ ಮೇಲೆ ಬರೆದ ಹಾಗೆಲ್ಲಾ ಬಳಪ ಸವೆಯುವಂತೆ, ಈ ಕಾರ್ಬನ್ ಕೂಡ ಸವೆದು ಗಿಡ್ಡ ಆಗುತ್ತದೆ. ಆಗ ತಾಮ್ರಕ್ಕೆ ಸರಿಯಾಗಿ ತಾಗುವುದಿಲ್ಲ. ಏಟು ಹಾಕಿದಾಗ ಅಲುಗಾಡಿ ಒಂದು ಸಲ ತಾಗುತ್ತದೆ, ಮತ್ತೆ ನಿಲ್ಲುತ್ತದೆ. ಅಂದರೆ ಮೋಟರ್ ಹೋಗಿಲ್ಲ, ಬಳಪ ಮುಗಿದಿದೆ!

ಈಗ ಏನು ಬೇಕು ಅಂತ ಗೊತ್ತಾಯಿತು. ಹಳೇ ಕಾರ್ಬನ್ ಬಿಚ್ಚಿ ಅಪ್ಪನ ಕೈಗೆ ಕೊಟ್ಟು, "ಇದನ್ನ ತೋರಿಸಿ ಇದೇ ಅಳತೆದು ತನ್ನಿ" ಅಂದರು. ಮೊದಲನೇ ಅಂಗಡಿಯಲ್ಲಿ ಸೆಟ್ಟಿಗೆ 280, ಎರಡನೆಯದರಲ್ಲಿ 240, ಸಂದಿಯ ಒಳಗಿನ ಚಿಕ್ಕ ಅಂಗಡಿಯಲ್ಲಿ 190. ಮೂರೂ ಕಡೆ ಅದೇ ಕಂಪನಿ, ಅದೇ ನಂಬರು. ಡಬ್ಬಿ ಮೇಲೆ ಅಚ್ಚಾಗಿರುವ ಎಂ.ಆರ್.ಪಿ. ಅತಿ ಹೆಚ್ಚಿನ ಬೆಲೆ, ಅದರಲ್ಲೇ ತೆರಿಗೆಯೂ ಸೇರಿರುತ್ತದೆ. ಅದಕ್ಕಿಂತ ಜಾಸ್ತಿ ತಗೊಳ್ಳುವಂತಿಲ್ಲ, ಕಡಿಮೆಗೆ ಕೊಡಬಹುದು. ಇದು ನನಗೆ ಗೊತ್ತೇ ಇರಲಿಲ್ಲ. ಕೂಲಿ 400. ಒಟ್ಟು 590 ರೂಪಾಯಿಗೆ ಕೆಲಸ ಮುಗಿಯಿತು.

ಓಮ್ನಿ ಮಾಡುವುದನ್ನು 2019ರಲ್ಲೇ ನಿಲ್ಲಿಸಿದ್ದಾರೆ. ಆದರೂ ಸಾಮಾನು ಸುಲಭವಾಗಿ ಸಿಗುತ್ತದೆ. ಅದರದ್ದೂ ಹಳೇ ಮಾರುತಿ 800ರದ್ದೂ 796 ಸಿ.ಸಿ. ಎಂಜಿನ್, ಅನೇಕ ಸಾಮಾನು ಎರಡಕ್ಕೂ ಆಗುತ್ತವೆ. ಹೆಚ್ಚು ಅಂಗಡಿಯವರು ಇಟ್ಟಿರುವುದರಿಂದ ಚೌಕಾಸಿಗೂ ಜಾಗ ಇದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಂತೂ ಸಾಲಾಗಿ ವಾಹನದ ಸಾಮಾನಿನ ಅಂಗಡಿಗಳೇ. ಆದರೆ 90 ರೂಪಾಯಿ ಉಳಿಸಲು ಬೆಂಗಳೂರಿಗೆ ಬಸ್ ಹತ್ತಿದರೆ ಬಸ್ ಚಾರ್ಜೇ ಅದನ್ನು ನುಂಗುತ್ತದೆ, ಒಂದು ದಿನದ ಬಾಡಿಗೆಯೂ ಹೋಗುತ್ತದೆ. ದೊಡ್ಡ ಸಾಮಾನು ಆದರೆ ಮಾತ್ರ ಹೋಗಬೇಕು.

ಕಾರಿಲ್ಲದವರಿಗೂ ಬೇಕಾಗುವ ಒಂದು ವಿಷಯ ಹೇಳುತ್ತೇನೆ. ಬೇರಿಂಗ್ ಮೇಲೆ ಒಂದು ನಂಬರು ಕೊರೆದಿರುತ್ತದೆ. 6204 ಅಂತ ಇದ್ದರೆ ಕೊನೆಯ ಎರಡು ಅಂಕಿ 04. ಅದನ್ನು 5ರಿಂದ ಗುಣಿಸಿ, 20 ಬಂತಲ್ಲವೇ? ಅದರ ತೂತು 20 ಮಿಲಿಮೀಟರ್. 6205 ಆದರೆ 25. (00, 01, 02, 03 ಇದ್ದರೆ ಈ ಲೆಕ್ಕ ನಡೆಯುವುದಿಲ್ಲ. ಅವು 10, 12, 15, 17. ಯಾಕೆ ಅಂತ ಗಣಿತದ ಮೇಷ್ಟ್ರನ್ನು ಕೇಳಿದೆ, ಅವರು ನಕ್ಕರು.) ಕಾರಿಗಾದರೂ ಬೋರ್‌ವೆಲ್ ಸ್ಟಾರ್ಟರಿನ ಪಕ್ಕದ ಹಿಟ್ಟಿನ ಗಿರಣಿಗಾದರೂ 6204ರ ಅಳತೆ ಒಂದೇ. ಆದ್ದರಿಂದ ಕಾರಿನ ಕಂಪನಿ ಡಬ್ಬಿಯೇ ಬೇಕಾಗಿಲ್ಲ, ಬೇರಿಂಗ್ ಅಂಗಡಿಯಲ್ಲೂ ಒಳ್ಳೆ ಕಂಪನಿಯದು ಕೇಳಬಹುದು. ನಂಬರಿನ ಮುಂದೆ ಇರುವ ಇಂಗ್ಲಿಷ್ ಅಕ್ಷರಗಳನ್ನೂ ಬರೆದುಕೊಂಡು ಹೋಗಿ. ಝಡ್ ಝಡ್ ಅಂದರೆ ಎರಡೂ ಕಡೆ ತಗಡಿನ ಮುಚ್ಚಳ, 2 ಆರ್‌ಎಸ್ ಅಂದರೆ ರಬ್ಬರಿನ ಮುಚ್ಚಳ.

ಎಲ್ಲದರಲ್ಲೂ ಕಡಿಮೆ ಬೆಲೆ ಹುಡುಕಬಾರದು ಅಂತ ಎಲೆಕ್ಟ್ರಿಷಿಯನ್ ತಾತ ಬೈದು ಹೇಳಿದರು. ಬಾಗಿಲು, ಕನ್ನಡಿ, ಬಂಪರ್ ಇವನ್ನು ಗುಜರಿಯಿಂದ ತಂದರೆ ನಡೆಯುತ್ತದೆ. ಬ್ರೇಕ್, ಸ್ಟೀರಿಂಗ್ ಸಾಮಾನು, ಟೈರು ಗುಜರಿಯವು ಬೇಡವೇ ಬೇಡ. ಡೂಪ್ಲಿಕೇಟೂ ಬೇಡ. ಕಾರಲ್ಲಿ ಕೂತವರು ನಮ್ಮೂರಿನವರೇ ಅಲ್ಲವೇ? ಅದಕ್ಕೇ ಅಪ್ಪ ಹೋದ ವಾರ ಬ್ರೇಕ್ ಶೂ ತರುವಾಗ ಚೌಕಾಸಿ ಮಾಡಿದರೂ ಕಂಪನಿಯದನ್ನೇ ತಂದರು, ಬಿಲ್ಲೂ ಹಾಕಿಸಿದರು. ರಿಪೇರಿಗೆ ಕೊಡುವಾಗ ಸಾಮಾನಿಗೆ ಎಷ್ಟು, ಕೂಲಿಗೆ ಎಷ್ಟು ಅಂತ ಬೇರೆ ಬೇರೆ ಕೇಳುತ್ತಾರೆ. ಬಿಚ್ಚಿದ ಹಳೇ ಸಾಮಾನನ್ನು ವಾಪಸ್ ಕೇಳಿ ತರುತ್ತಾರೆ.

ಅಕ್ಕನ ಹಾಸ್ಟೆಲ್ ದುಡ್ಡು ಅದೇ ವಾರ ಕಟ್ಟಿದೆವು. ಸವೆದ ಕಾರ್ಬನ್ ತುಂಡುಗಳನ್ನು ನಮ್ಮ ತರಗತಿಯ ವಿಜ್ಞಾನ ಮೂಲೆಯಲ್ಲಿ ಬೆಂಕಿಪೊಟ್ಟಣದೊಳಗೆ ಇಟ್ಟಿದ್ದೇನೆ. ನೋಡಿ, ಆದರೆ ಕೈ ಕಪ್ಪಾಗುತ್ತೆ.